17ರ ಹುಡುಗ ಕುಡಿದು ಬೈಕ್ ಓಡಿಸಿದ: ಕೇಸು ಯಾರ ಮೇಲೆ, ಶಿಕ್ಷೆ ಯಾರಿಗೆ?

ಸೋದರಮಾವ

ಕಾನೂನು ಬಲ್ಲವರು ದಯವಿಟ್ಟು ಉತ್ತರಿಸಿ. ನನ್ನ ಅಕ್ಕನ ಮಗನಿಗೆ 17 ವರ್ಷ, ಎರಡನೇ ಪಿಯುಸಿ ಓದುತ್ತಿದ್ದಾನೆ. ಶನಿವಾರ ರಾತ್ರಿ ಗೆಳೆಯನ ಹುಟ್ಟುಹಬ್ಬ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನನ್ನು ಸಂಚಾರ ಪೊಲೀಸರು ತಡೆದು ಊದಿಸಿದ್ದಾರೆ. ಯಂತ್ರದಲ್ಲಿ 64 ಬಂದಿದೆ. ಯಾರಿಗೂ ಏಟಾಗಿಲ್ಲ, ಅದೊಂದು ಪುಣ್ಯ. ಬೈಕ್ ಠಾಣೆಯಲ್ಲಿದೆ. ಹುಡುಗನನ್ನು ಭಾವನ ಸಹಿ ಪಡೆದು ಮನೆಗೆ ಕಳುಹಿಸಿದ್ದಾರೆ.

ಬೈಕ್ ಭಾವನ ಹೆಸರಿನಲ್ಲೂ ಇಲ್ಲ. ಅವರ ತಮ್ಮ ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವಾಗ ಮನೆಯಲ್ಲಿ ಬಿಟ್ಟುಹೋದ ಗಾಡಿ ಅದು. ಭಾವ ಮಾತ್ರ ನಿಶ್ಚಿಂತೆಯಿಂದ ಇದ್ದಾರೆ. "ಹುಡುಗ ಅಪ್ರಾಪ್ತ, ಅವನಿಗೇನೂ ಆಗುವುದಿಲ್ಲ. ದಂಡ ಕಟ್ಟಿ ಬಿಡಿಸಿಕೊಂಡು ಬಂದರಾಯಿತು" ಎನ್ನುತ್ತಾರೆ. ಅಕ್ಕ ರಾತ್ರಿಯಿಡೀ ನಿದ್ದೆ ಮಾಡಿಲ್ಲ. ಇನ್ನೊಬ್ಬ ನೆಂಟರು, ಓಡಿಸುತ್ತಿದ್ದುದು 20 ವರ್ಷದ ದೊಡ್ಡ ಮಗ ಎಂದು ಹೇಳಿಬಿಡಿ, ಅವನಿಗೆ ಡಿಎಲ್ ಇದೆಯಲ್ಲ ಎಂದು ಸಲಹೆ ಕೊಟ್ಟಿದ್ದಾರೆ. ನನಗೆ ಇದು ಸರಿ ಕಾಣುತ್ತಿಲ್ಲ. ನಿಜಕ್ಕೂ ಮುಂದೇನಾಗುತ್ತದೆ?

ಕರಿಕೋಟು

ವಕೀಲನಾಗಿ ಹೇಳುತ್ತೇನೆ. ಮೊದಲು ಆ ನೆಂಟರ ಸಲಹೆಯನ್ನು ಅಲ್ಲಿಗೇ ಬಿಡಿ. ಊದಿಸುವಾಗ ಹುಡುಗನ ಹೆಸರು, ವಯಸ್ಸು, ಸಮಯ ಎಲ್ಲವೂ ದಾಖಲಾಗಿರುತ್ತವೆ. ತಪ್ಪಿತಸ್ಥನನ್ನು ಉಳಿಸಲು ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 238ನೇ ಸೆಕ್ಷನ್ ಪ್ರಕಾರ ಅಪರಾಧ. ಈಗ ತಾಪತ್ರಯದಲ್ಲಿರುವುದು ಒಬ್ಬ ಮಗ. ಆ ಸಲಹೆ ಕೇಳಿದರೆ ಇಬ್ಬರೂ ಮಕ್ಕಳು ಕಟಕಟೆ ಹತ್ತಬೇಕಾಗುತ್ತದೆ.

ಇನ್ನು ನಿಮ್ಮ ಭಾವನವರ ಮಾತು. ಹುಡುಗನಿಗೆ ಜೈಲಿಲ್ಲ ಎಂಬಷ್ಟು ಮಾತ್ರ ಅದರಲ್ಲಿ ನಿಜ, ಉಳಿದದ್ದು ತಪ್ಪು ತಿಳಿವಳಿಕೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಸೆಕ್ಷನ್ ಸೇರಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಅವರ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು ಎಂದು ಅದು ಪರಿಗಣಿಸುತ್ತದೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಅಲ್ಲಿರುವುದು "ಮತ್ತು", "ಅಥವಾ" ಅಲ್ಲ ಎಂಬುದನ್ನು ಗಮನಿಸಿ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಕೂಡ ಸಿಗುವುದಿಲ್ಲ.

ಕುಡಿದದ್ದಕ್ಕೆ ಇರುವುದು 185ನೇ ಸೆಕ್ಷನ್. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ನಿಮ್ಮ ಹುಡುಗನದು ಅದರ ಎರಡು ಪಟ್ಟಿಗಿಂತ ಹೆಚ್ಚು. ವಯಸ್ಕರಾದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷಗಳವರೆಗೆ, ಇಲ್ಲವೇ 15,000 ರೂಪಾಯಿ, ಇಲ್ಲವೇ ಎರಡೂ.

ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಅಪರಾಧಗಳ ಪಟ್ಟಿ 200ನೇ ಸೆಕ್ಷನ್‌ನಲ್ಲಿದೆ. ಅದರಲ್ಲಿ 185 ಇಲ್ಲ, 199ಎ ಕೂಡ ಇಲ್ಲ. ಎರಡಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಹುಡುಗನ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ, ದೊಡ್ಡವರದು ಮ್ಯಾಜಿಸ್ಟ್ರೇಟರ ಮುಂದೆ.

ಹಸಿರು ಬಾಗಿಲು

ಕರ್ನಾಟಕದಲ್ಲಿ ದಂಡದ ಮೊತ್ತವನ್ನು ಇಳಿಸಿದ್ದರಲ್ಲವೇ? ನನ್ನ ಮಗನೂ ಇದೇ ವಯಸ್ಸಿನವನು, ಅದಕ್ಕೇ ಕೇಳುತ್ತಿದ್ದೇನೆ.

ಕರಿಕೋಟು

2019ರ ಸೆಪ್ಟೆಂಬರ್‌ನಲ್ಲಿ ಇಳಿಸಿದ್ದು ನಿಜ. ಆದರೆ ರಾಜ್ಯಕ್ಕೆ ಆ ಅಧಿಕಾರ ಇರುವುದು ಸ್ಥಳದಲ್ಲೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳಿಗೆ ಮಾತ್ರ. ಕುಡಿದು ಓಡಿಸಿದ್ದಕ್ಕೂ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟದ್ದಕ್ಕೂ ಆ ಇಳಿಕೆ ಅನ್ವಯಿಸುವುದಿಲ್ಲ.

ಸೋದರಮಾವ

ಸರ್, ಭಾವ "ಕೀ ತೆಗೆದುಕೊಂಡು ಹೋದದ್ದು ನನಗೆ ಗೊತ್ತೇ ಇಲ್ಲ" ಎಂದು ಹೇಳಿದರೆ? ಅವರ ತಮ್ಮನಂತೂ ದೇಶದಲ್ಲೇ ಇಲ್ಲ.

ಕರಿಕೋಟು

ಗೊತ್ತಿಲ್ಲ ಎಂದು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಪೋಷಕರ ಅಥವಾ ಮಾಲೀಕರ ಒಪ್ಪಿಗೆಯಿಂದಲೇ ಹುಡುಗ ವಾಹನ ಒಯ್ದಿದ್ದಾನೆ ಎಂದು ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಾಗಲ್ಲ ಎಂದು ರುಜುವಾತು ಮಾಡುವ ಹೊಣೆ ನಿಮ್ಮ ಮೇಲೆ. ತನಗೆ ತಿಳಿಯದೆ ನಡೆಯಿತು, ಇಲ್ಲವೇ ತಡೆಯಲು ತಾನು ಎಲ್ಲ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸಬೇಕು.

ಪಾಟೀಸವಾಲಿನಲ್ಲಿ ಬರುವ ಪ್ರಶ್ನೆಗಳು ತೀರ ಸರಳ. ಕೀ ಎಲ್ಲಿಡುತ್ತಿದ್ದಿರಿ? ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದರೆ ಅದನ್ನು ಎಚ್ಚರಿಕೆ ಎನ್ನಲಾಗದು. ಹುಡುಗ ಟ್ಯೂಷನ್‌ಗೆ ಇದೇ ಬೈಕಿನಲ್ಲಿ ಹೋಗುತ್ತಿದ್ದನೇ? ಬೀದಿಯ ಸಿಸಿಟಿವಿಯಲ್ಲಿ ಹಿಂದಿನ ವಾರದ ದೃಶ್ಯವೂ ಇರುತ್ತದೆ. ಪೆಟ್ರೋಲ್ ಹಾಕಿಸಲು ದುಡ್ಡು ಕೊಟ್ಟವರು ಯಾರು? ಯುಪಿಐ ದಾಖಲೆ ಅಪ್ಪನ ಮೊಬೈಲಿನದ್ದಾದರೆ ವಾದ ಅಲ್ಲಿಗೇ ಮುಗಿಯಿತು. ವಿದೇಶದಲ್ಲಿರುವ ತಮ್ಮನಿಗೆ ಈ ರಕ್ಷಣೆ ಸಿಗುವ ಸಾಧ್ಯತೆ ನಿಮ್ಮ ಭಾವನಿಗಿಂತ ಹೆಚ್ಚು. ಆದರೂ ನೋಂದಣಿ ರದ್ದಿನ ಬಿಸಿ ತಟ್ಟುವುದು ಆರ್‌ಸಿಯಲ್ಲಿ ಹೆಸರಿರುವ ಅವರಿಗೇ.

ರಸ್ತೆಬದಿ

ಇಲ್ಲಿ ಎಲ್ಲರೂ ಹುಡುಗನನ್ನು ಹೇಗೆ ಪಾರು ಮಾಡುವುದು ಎಂದು ಯೋಚಿಸುತ್ತಿದ್ದೀರಿ. ನನ್ನ ತಮ್ಮ ರಸ್ತೆ ದಾಟುವಾಗ ಇಂಥದ್ದೇ ಒಬ್ಬ ಹುಡುಗನ ಕಾರಿಗೆ ಸಿಕ್ಕಿ ಸತ್ತ. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ನಮ್ಮ ಅಮ್ಮ ಇನ್ನೂ ತಮ್ಮನ ತಟ್ಟೆ ತೊಳೆದಿಡುತ್ತಾರೆ.

ಪುಣೆಯ ಪ್ರಕರಣವನ್ನು ಮರೆತಿರಾ? 2024ರ ಮೇ 19ರ ಬೆಳಗಿನ ಜಾವ ಕಲ್ಯಾಣಿ ನಗರದಲ್ಲಿ 17 ವರ್ಷದವನ ಪೋರ್ಷೆ ಕಾರು ಬೈಕಿಗೆ ಗುದ್ದಿ ಮಧ್ಯಪ್ರದೇಶ ಮೂಲದ ಇಬ್ಬರು ಎಂಜಿನಿಯರುಗಳು ಸತ್ತರು. ಅದೇ ದಿನ ಜಾಮೀನು ಸಿಕ್ಕಿತು, ಜೊತೆಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು. ಎರಡು ಜೀವಕ್ಕೆ ಒಂದು ಪ್ರಬಂಧ! ಇಂಥವರನ್ನು ವಯಸ್ಕರೆಂದೇ ವಿಚಾರಣೆ ಮಾಡಬೇಕು. ಕುಡಿಯುವಾಗ ದೊಡ್ಡವರು, ಕೇಸು ಬಿದ್ದಾಗ ಮಕ್ಕಳು ಎಂದರೆ ಹೇಗೆ?

ಬೆಂಚಿನ ಬದಿ

ನಿಮ್ಮ ತಮ್ಮನ ವಿಷಯ ಓದಿ ಮನಸ್ಸು ಭಾರವಾಯಿತು. ನಾನು ಬಾಲ ನ್ಯಾಯ ಮಂಡಳಿಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿ ಸದಸ್ಯೆಯಾಗಿದ್ದೆ. ನಿಮ್ಮ ಪ್ರಶ್ನೆಗೆ ಸುತ್ತಿಬಳಸದೆ ಉತ್ತರಿಸುತ್ತೇನೆ.

16 ದಾಟಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅಪರಾಧ "ಘೋರ" ಎಂಬ ವರ್ಗಕ್ಕೆ ಸೇರಬೇಕು, ಅಂದರೆ ಅದಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರಬೇಕು. ಕುಡಿದು ಗಾಡಿ ಓಡಿಸಿ ಸಾವಿಗೆ ಕಾರಣರಾದವರ ಮೇಲೆ ಸಾಮಾನ್ಯವಾಗಿ ಹಾಕುವುದು ಎರಡು ಸೆಕ್ಷನ್. ಒಂದು ನಿರ್ಲಕ್ಷ್ಯದಿಂದ ಸಾವು, ಈಗಿನ ನ್ಯಾಯ ಸಂಹಿತೆಯ 106, ಗರಿಷ್ಠ ಐದು ವರ್ಷ. ಇನ್ನೊಂದು ಕೊಲೆಯಲ್ಲದ ನರಹತ್ಯೆ, ಸೆಕ್ಷನ್ 105. ಸಾವು ಸಂಭವಿಸಬಹುದು ಎಂಬ ಅರಿವಿದ್ದೂ ಮಾಡಿದ ಕೃತ್ಯಕ್ಕೆ ಇದರಡಿ ಗರಿಷ್ಠ ಹತ್ತು ವರ್ಷ. ಯಾವುದಕ್ಕೂ ಕನಿಷ್ಠ ಏಳು ವರ್ಷವೆಂಬುದಿಲ್ಲ.

ಈ ಸಂದಿಗ್ಧ 2016ರ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿಯೂ ಅಪ್ರಾಪ್ತ ಓಡಿಸುತ್ತಿದ್ದ ಮರ್ಸಿಡಿಸ್ ಕಾರಿಗೆ ಒಬ್ಬರು ಬಲಿಯಾಗಿದ್ದರು. ಗರಿಷ್ಠ ಶಿಕ್ಷೆ ಏಳು ವರ್ಷ ಮೀರಿದ್ದರೂ ಕನಿಷ್ಠ ಶಿಕ್ಷೆ ನಿಗದಿಯಾಗಿಲ್ಲದಿದ್ದರೆ ಅದು ಘೋರ ಅಪರಾಧವಲ್ಲ ಎಂದು ನ್ಯಾಯಾಲಯ 2020ರ ಜನವರಿಯಲ್ಲಿ ತೀರ್ಪು ನೀಡಿತು. 2021ರ ತಿದ್ದುಪಡಿಯಲ್ಲಿ ಸಂಸತ್ತು ಇಂಥವನ್ನು "ಗಂಭೀರ" ಅಪರಾಧಗಳ ವರ್ಗಕ್ಕೆ ಸೇರಿಸಿತು. ಪುಣೆಯ ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೆಂದು ಪೊಲೀಸರು ಕೇಳಿದ್ದನ್ನು ಅಲ್ಲಿನ ಮಂಡಳಿ 2025ರ ಜುಲೈನಲ್ಲಿ ತಿರಸ್ಕರಿಸಿತು.

ಕಾಯ್ದೆಯ ಉದ್ದೇಶ ಸರಿಯಾದದ್ದು ಎಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ಆ 300 ಪದಗಳ ಪ್ರಬಂಧ ನನ್ನನ್ನೂ ಕೆರಳಿಸಿತ್ತು. ಸುಧಾರಣೆ ಎಂದರೆ ಸಡಿಲ ಬಿಡುವುದಲ್ಲ. ಮಂಡಳಿಗೆ ಮೂರು ವರ್ಷಗಳವರೆಗೆ ವಿಶೇಷ ಗೃಹದಲ್ಲಿ, ಅಂದರೆ ತಪ್ಪು ಮಾಡಿದ ಮಕ್ಕಳ ಸುಧಾರಣಾ ಗೃಹದಲ್ಲಿ, ಇರಿಸುವ ಅಧಿಕಾರವಿದೆ. ಸಮುದಾಯ ಸೇವೆ, ಆಪ್ತಸಮಾಲೋಚನೆ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾ, ತಂದೆತಾಯಿ ದಂಡ ಕಟ್ಟಬೇಕೆಂಬ ಆದೇಶ ಎಲ್ಲವೂ ಅದರ ಕೈಯಲ್ಲಿವೆ. ಇವನ್ನು ಗಟ್ಟಿಯಾಗಿ ಬಳಸದೆ ಕಾಟಾಚಾರಕ್ಕೆ ಆದೇಶ ಬರೆದಾಗಲೇ ಜನ ಕಾಯ್ದೆಯನ್ನೇ ದೂಷಿಸುವುದು.

ರಸ್ತೆಬದಿ

ನೀವು ಹೇಳಿದ್ದನ್ನು ಎರಡು ಸಲ ಓದಿದೆ. ಕಾನೂನು ಹಾಗಿದೆ ಎಂದು ಒಪ್ಪುತ್ತೇನೆ, ಅದು ನ್ಯಾಯ ಎಂದು ಒಪ್ಪಲಾರೆ. ನಮ್ಮ ಪ್ರಕರಣದಲ್ಲಿ ಹುಡುಗ ಕುಡಿದಿದ್ದ ಎಂಬುದು ಕೊನೆಗೂ ಸಾಬೀತಾಗಲಿಲ್ಲ. ರಕ್ತ ತೆಗೆದದ್ದು ಮಾರನೆಯ ದಿನ ಮಧ್ಯಾಹ್ನ.

ತುರ್ತುವಾರ್ಡ್

ನಾನು ಶುಶ್ರೂಷಕಿ. ಈ ಮಾತಿಗೆ ಸುಮ್ಮನಿರಲಾಗಲಿಲ್ಲ.

ಹೊತ್ತು ಕಳೆದಂತೆ ರಕ್ತದಲ್ಲಿರುವ ಮದ್ಯದ ಅಂಶ ಇಳಿಯುತ್ತಲೇ ಹೋಗುತ್ತದೆ. ಅದಕ್ಕೇ 185ರಲ್ಲಿ ವಾರಂಟ್ ಇಲ್ಲದೆ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎಂದು ಕಾಯ್ದೆ ಹೇಳುವುದು. ಉಸಿರಿನ ಪರೀಕ್ಷೆಗೆ ಅಥವಾ ರಕ್ತ ಕೊಡಲು ಒಪ್ಪದಿದ್ದರೆ ಪಾರಾಗಬಹುದು ಎಂಬ ನಂಬಿಕೆಯೂ ತಪ್ಪು. ಸಕಾರಣವಿಲ್ಲದೆ ನಿರಾಕರಿಸಿದರೆ ಅದನ್ನೇ ನಿಮ್ಮ ವಿರುದ್ಧ ಬಳಸಬಹುದು ಎಂದು 205ನೇ ಸೆಕ್ಷನ್ ಹೇಳುತ್ತದೆ.

ಈ ಪರೀಕ್ಷೆಗೆ ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ ಒರೆಸುವಂತಿಲ್ಲ. ಒರೆಸಿದರೆ, ಮದ್ಯ ಬಂದದ್ದು ಹತ್ತಿಯಿಂದಲೋ ಹೊಟ್ಟೆಯಿಂದಲೋ ಎಂದು ವಕೀಲರು ಪ್ರಶ್ನಿಸುತ್ತಾರೆ. ಫ್ಲೋರೈಡ್ ಇರುವ ಸೀಸೆಗೆ ತುಂಬಿ, ಹೆಸರು, ಸಮಯ ಬರೆದು, ಅರಗು ಹಾಕಿ ಪೊಲೀಸರ ಕೈಗೆ ಕೊಡುತ್ತೇವೆ. ಆ ಹೊತ್ತಿನಲ್ಲಿ ಹೊರಗೆ ನಿಂತ ಮನೆಯವರು ಬಂದು, "ಸಿಸ್ಟರ್, ಅವನ ಅಣ್ಣನ ರಕ್ತ ತೆಗೆದುಕೊಳ್ಳಿ, ಇಬ್ಬರದೂ ಒಂದೇ ಗುಂಪು" ಎಂದು ಕಿವಿಯಲ್ಲಿ ಹೇಳುವುದನ್ನು ನಾನು ಕೇಳಿಸಿಕೊಂಡಿದ್ದೇನೆ. ಡಿಎನ್‌ಎ ಪರೀಕ್ಷೆಯ ಮುಂದೆ ರಕ್ತದ ಗುಂಪಿಗೆ ಬೆಲೆಯಿಲ್ಲ. ಪುಣೆಯ ಪ್ರಕರಣದಲ್ಲಿ ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರೂ ಹುಡುಗನ ತಂದೆತಾಯಿಯೂ ಬಂಧನಕ್ಕೊಳಗಾದರು. ಮಗನ ಪಾಲಿಗೆ ಮಂಡಳಿಯ ಮುಂದಿನ ವಿಚಾರಣೆ, ತಂದೆತಾಯಿಯ ಪಾಲಿಗೆ ಜೈಲು. ಮಗುವನ್ನು ಉಳಿಸುತ್ತೇವೆ ಎಂದು ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಳೆಯ ಕ್ಲೇಮು

ವಿಮಾ ಕ್ಷೇತ್ರದಲ್ಲಿ ದುಡಿದು ನಿವೃತ್ತನಾದವನು. ಜೈಲು, ದಂಡದ ಮಾತನ್ನು ಎಲ್ಲರೂ ಆಡುತ್ತಾರೆ. ಮನೆ ಮಾರಿಸುವುದು ಮಾತ್ರ ಪರಿಹಾರದ ಮೊತ್ತ.

"ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡಿಎಲ್ ಇಲ್ಲದವರು ಓಡಿಸಿದರೆ ಕಂಪನಿ ತನ್ನ ಹೊಣೆಯನ್ನು ನಿರಾಕರಿಸಬಹುದು. 2019ರ ತಿದ್ದುಪಡಿಯ ನಂತರ ಕುಡಿದು ಓಡಿಸಿದ್ದೂ 150ನೇ ಸೆಕ್ಷನ್‌ನಲ್ಲಿ ಅಂಥ ಕಾರಣವಾಗಿ ಸೇರಿದೆ. ಅಪ್ರಾಪ್ತನೊಬ್ಬ ಕುಡಿದು ಓಡಿಸಿದರೆ ಕಂಪನಿಗೆ ಎರಡೂ ಕಾರಣ ಒಟ್ಟಿಗೇ ಸಿಗುತ್ತವೆ. ಹಾಗೆಂದು ಸತ್ತವರ ಮನೆಯವರು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಮೊದಲು ಕಂಪನಿಯೇ ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2004ರಲ್ಲೇ ಎತ್ತಿಹಿಡಿದಿದೆ.

ಆ "ಆಮೇಲೆ" ಎಂಬುದರ ಕಥೆ ಕೇಳಿ. ದುಡಿಯುವ ವಯಸ್ಸಿನ ಎಂಜಿನಿಯರೋ ಶಿಕ್ಷಕರೋ ಸತ್ತರೆ, ಅವರ ಸಂಬಳ, ವಯಸ್ಸು, ಅವಲಂಬಿತರ ಲೆಕ್ಕ ಹಾಕಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಮೊತ್ತ ನಿಗದಿ ಮಾಡುತ್ತದೆ. ಸುಲಭವಾಗಿ ಲಕ್ಷಗಳನ್ನು ದಾಟಿ ಕೋಟಿಯ ಹತ್ತಿರ ಹೋಗಬಲ್ಲ ಲೆಕ್ಕ ಅದು, ಮೇಲೆ ಬಡ್ಡಿ. ಕಟ್ಟದಿದ್ದರೆ ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪತ್ರ ಹೋಗುತ್ತದೆ. ಮಾಲೀಕರ ಹೊಲ, ನಿವೇಶನ ಜಪ್ತಿಗೆ ಬರುವುದು ಹೀಗೆ. ನಿಮ್ಮ ಹುಡುಗನ ಪ್ರಕರಣದಲ್ಲಿ ಅಪಘಾತವೇನಾದರೂ ಆಗಿದ್ದರೆ ಈ ನೋಟಿಸು ಹೊರದೇಶದಲ್ಲಿ ದುಡಿಯುತ್ತಿರುವ ಆ ತಮ್ಮನ ಹೆಸರಿಗೆ ಬರುತ್ತಿತ್ತು. ಗಾಡಿ ಬಿಟ್ಟುಹೋದದ್ದು ಬಿಟ್ಟರೆ ಅವರು ಮಾಡಿದ್ದೇನೂ ಇಲ್ಲ.

ಸ್ವಂತ ಗಾಡಿಯ ರಿಪೇರಿಗೂ ಕಂಪನಿಯಿಂದ ಏನೂ ಸಿಗದು. ಮಾಲೀಕ ಚಾಲಕರಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗೆ ಚಾಲ್ತಿಯಲ್ಲಿರುವ ಡಿಎಲ್ ಬೇಕೇಬೇಕು. ಆ ಹುಡುಗನಿಗೇ ಏನಾದರೂ ಆಗಿದ್ದರೆ ಆ ಹಣವೂ ಬರುತ್ತಿರಲಿಲ್ಲ.

ಹಸಿರು ಬಾಗಿಲು

ಓದುತ್ತ ಕೈಕಾಲು ತಣ್ಣಗಾದವು. ಹಾಗಾದರೆ ಯಾವ ಗಾಡಿಯನ್ನೂ ಕೊಡುವಂತಿಲ್ಲವೇ? ನಮ್ಮ ಬೀದಿಯಲ್ಲಿ ಹತ್ತನೇ ತರಗತಿಯ ಮಕ್ಕಳೆಲ್ಲ ಎಲೆಕ್ಟ್ರಿಕ್ ಸ್ಕೂಟರ್ ಓಡಿಸುತ್ತಾರೆ.

ಕರಿಕೋಟು

16 ತುಂಬಿದವರು ಡಿಎಲ್ ಪಡೆದು 50 ಸಿಸಿ ಮೀರದ ಮೋಟಾರ್ ಸೈಕಲ್ ಓಡಿಸಬಹುದು. ಅಂಥ ಗಾಡಿ ಈಗ ಅಂಗಡಿಯಲ್ಲಿ ಸಿಗುವುದೇ ಅಪರೂಪ. 250 ವಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ದಾಟದ ಬ್ಯಾಟರಿ ದ್ವಿಚಕ್ರಿಗಳನ್ನು ನಿಯಮಗಳು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ, ಅವಕ್ಕೆ ಡಿಎಲ್ ಬೇಡ. ಆದರೆ ವೇಗದ ಮಿತಿ ತೆಗೆಸಿಕೊಂಡು ಓಡಿಸಿದರೆ ಆ ಸಡಿಲಿಕೆ ಹೋಗುತ್ತದೆ. ಬೀದಿಯಲ್ಲಿ ನೀವು ನೋಡುವ ಹೆಚ್ಚಿನವು 25ಕ್ಕಿಂತ ವೇಗವಾಗಿ ಹೋಗುವ, ನಂಬರ್ ಪ್ಲೇಟ್ ಇರುವ ಗಾಡಿಗಳು. ಅವುಗಳಿಗೆ 199ಎ ಪೂರ್ತಿಯಾಗಿ ಅನ್ವಯಿಸುತ್ತದೆ.

ಸೋದರಮಾವ ಅವರೇ, ಇನ್ನೊಂದು ಪ್ರಶ್ನೆ. ಮದ್ಯ ತಂದುಕೊಟ್ಟವರು ಯಾರು?

ಸೋದರಮಾವ

ಹುಟ್ಟುಹಬ್ಬದ ಹುಡುಗನ ಅಣ್ಣ. 22 ವರ್ಷ. ಟೆರೇಸಿನ ಮೇಲೆ ಅವನೇ ಎಲ್ಲರಿಗೂ ಹಂಚಿದ್ದಂತೆ.

ಕರಿಕೋಟು

ಹಾಗಾದರೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚಿನ ಶಿಕ್ಷೆಗೆ ಗುರಿಯಾಗಬಹುದಾದವನು ಅವನೇ. ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. 17 ವರ್ಷ 11 ತಿಂಗಳಾಗಿದ್ದರೂ ಈ ಕಾಯ್ದೆಯ ಲೆಕ್ಕದಲ್ಲಿ ಮಗುವೇ. ಹುಡುಗ ಮಂಡಳಿಯ ಮುಂದೆ ಇದನ್ನು ಇದ್ದಂತೆ ಹೇಳಲಿ. ಗೆಳೆಯನ ಅಣ್ಣನನ್ನು ಉಳಿಸಲು ಕಥೆ ಕಟ್ಟುವುದು ಬೇಡ.

ಸೋದರಮಾವ

ಕೊನೆಯದಾಗಿ ಅಕ್ಕನ ಪ್ರಶ್ನೆ. ಈ ಕೇಸಿನಿಂದ ಮುಂದೆ ಸರ್ಕಾರಿ ಕೆಲಸ, ಪಾಸ್‌ಪೋರ್ಟ್ ಎಲ್ಲದಕ್ಕೂ ಕಲ್ಲು ಬೀಳುತ್ತದೆಯೇ? ಹುಡುಗನ ಫೋಟೋ ಪತ್ರಿಕೆಯಲ್ಲಿ ಬರಬಹುದೇ ಎಂಬ ಹೆದರಿಕೆಯೂ ಇದೆ.

ಬೆಂಚಿನ ಬದಿ

ಅಕ್ಕನಿಗೆ ಧೈರ್ಯ ಹೇಳಿ. ಹೆಸರು, ಫೋಟೋ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅದನ್ನು ನಿಷೇಧಿಸುತ್ತದೆ, ಮೀರಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವವರಿಗೂ ಇದು ಅನ್ವಯ. ಮಂಡಳಿಯಲ್ಲಿ ತಪ್ಪು ಸಾಬೀತಾದರೂ ಅದರಿಂದ ಮುಂದಿನ ಬದುಕಿಗೆ ಯಾವ ಅನರ್ಹತೆಯೂ ಅಂಟಬಾರದು ಎಂದು 24ನೇ ಸೆಕ್ಷನ್ ಹೇಳುತ್ತದೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನೂ ನಾಶಪಡಿಸಬೇಕು.

ನಿಮ್ಮ ಹುಡುಗನ ಮೇಲಿರುವುದು ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧ, ಅಂದರೆ ಅಲ್ಪ ಅಪರಾಧ. ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ಮಂಡಳಿ ಎಂದರೆ ಕಟಕಟೆ, ಕರಿಕೋಟುಗಳ ಗದ್ದಲವಲ್ಲ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಒಂದು ಮೇಜಿನ ಆಚೆ ಕೂತಿರುತ್ತಾರೆ. ಮನೆಯ ವಾತಾವರಣ, ಓದು, ಸಹವಾಸ ಇವುಗಳ ಬಗ್ಗೆ ವರದಿಯೊಂದು ಅವರ ಮುಂದಿರುತ್ತದೆ. ಬಹಳಷ್ಟು ತಂದೆತಾಯಿ ಮಗನ ಪರವಾಗಿ ತಾವೇ ಮಾತಾಡಿಬಿಡುತ್ತಾರೆ. ಅವನಿಗೆ ಮಾತಾಡಲು ಬಿಡಿ. "ಅವನು ಕುಡಿಯುವವನಲ್ಲ, ಯಾರೋ ಕುಡಿಸಿದರು" ಎಂದು ತಾಯಿ ಹೇಳುವಾಗ ಪಕ್ಕದಲ್ಲಿ ನಿಂತ ಹುಡುಗ ನೆಲ ನೋಡುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಇದೇ ಮೊದಲೋ ಅಲ್ಲವೋ ಎಂಬುದನ್ನು ಅವನ ಬಾಯಿಂದಲೇ ಕೇಳಬೇಕು. ಅಭ್ಯಾಸವಾಗಿದ್ದರೆ ಈಗಲೇ ಚಿಕಿತ್ಸೆಗೆ ದಾರಿ ಮಾಡಬಹುದು. ಮುಚ್ಚಿಟ್ಟರೆ ಅದೂ ತಪ್ಪುತ್ತದೆ.

ಸೋದರಮಾವ (ಕೆಲವು ವಾರಗಳ ನಂತರ)

ಮುಂದೇನಾಯಿತು ಎಂದು ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಹುಡುಗ ಎಲ್ಲವನ್ನೂ ಇದ್ದಂತೆ ಹೇಳಿದ. ಅದು ಅವನ ಮೊದಲ ಸಲವಲ್ಲ, ನಾಲ್ಕನೆಯದು ಎಂದು ನಮಗೆ ಗೊತ್ತಾದದ್ದೇ ಅಲ್ಲಿ. ಅಕ್ಕ ಅಲ್ಲೇ ಕುಸಿದು ಕೂತರು. ಮಂಡಳಿ ಆಪ್ತಸಮಾಲೋಚನೆಗೆ ಹೋಗಬೇಕು, ಸಮುದಾಯ ಸೇವೆ ಮಾಡಬೇಕು, ದಂಡವನ್ನು ತಂದೆ ಕಟ್ಟಬೇಕು ಎಂದು ಆದೇಶಿಸಿದೆ. ಪರಿವೀಕ್ಷಣಾಧಿಕಾರಿ ಮನೆಗೆ ಬಂದು ಹೋಗುತ್ತಾರೆ. ಭಾವನಿಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ಸಮನ್ಸ್ ಬಂದಿದೆ, ಈಗ ಅವರೇ ವಕೀಲರನ್ನು ಹುಡುಕುತ್ತಿದ್ದಾರೆ. ಅವರ ತಮ್ಮನಿಗೆ ನೋಂದಣಿ ರದ್ದಿನ ನೋಟಿಸು ಬಂದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ.

ಒಂದು ವಿಷಯ ಇನ್ನೂ ಸ್ಪಷ್ಟವಾಗಿಲ್ಲ. ಬರುವ ತಿಂಗಳು ಅವನಿಗೆ 18 ತುಂಬುತ್ತದೆ. ವಯಸ್ಕನಾದ ಮೇಲೆ ಕೇಸು ದೊಡ್ಡವರ ನ್ಯಾಯಾಲಯಕ್ಕೆ ಹೋಗುತ್ತದೆಯೇ? ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿ ನೋಡಬಹುದೇ?

ಕರಿಕೋಟು

ಕೇಸು ಎಲ್ಲಿಗೂ ಹೋಗುವುದಿಲ್ಲ. ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು. ಮಂಡಳಿಯ ಆದೇಶ ಪೂರ್ತಿಯಾಗುವವರೆಗೂ ಅವನನ್ನು ಮಗುವೆಂದೇ ನಡೆಸಿಕೊಳ್ಳುತ್ತಾರೆ.

ಎಲ್‌ಎಲ್‌ಆರ್‌ಗೆ ಮಾತ್ರ 25 ತುಂಬುವವರೆಗೆ ಕಾಯಬೇಕು. 199ಎಯ ಐದನೇ ಉಪಸೆಕ್ಷನ್ ಇದರಲ್ಲಿ ಸ್ಪಷ್ಟವಾಗಿದೆ. ಪದವಿ ಮುಗಿಸಿ ಕೆಲಸ ಹುಡುಕುವ ವರ್ಷಗಳೆಲ್ಲ ಅದರೊಳಗೇ ಕಳೆಯುತ್ತವೆ. ಗಾಡಿ ಓಡಿಸಬೇಕಾದ ಕೆಲಸಗಳಿಗೆ ಅವನು ಅಲ್ಲಿಯವರೆಗೆ ಅರ್ಜಿ ಹಾಕುವಂತಿಲ್ಲ. ಬೇರೆ ರಾಜ್ಯದ ಆರ್‌ಟಿಒಗೆ ಹೋದರೂ ಇದೇ ಕೇಂದ್ರ ಕಾಯ್ದೆ. ಕಾಲೇಜನ್ನು ಆರಿಸುವಾಗ ಬಸ್ಸಿನ ಸೌಕರ್ಯ ಇರುವ ಕಡೆ ನೋಡಿ.